ಹರಟೆಕಟ್ಟೆ ಕೊಂಡವರು, ಮಾತು ಕಳೆದುಕೊಂಡವರು

ನಮ್ಮ ಅಧ್ಯಾಪಕರ ಕೋಣೆಯಲ್ಲೊಂದು ಮರದ ಕಪಾಟು ಇದೆ. ಅದರೊಳಗೆ ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರುಗಳಿವೆ. ಕೆಲವು 1956ಕ್ಕಿಂತಲೂ ಹಿಂದಿನವು. ಅಂದರೆ ಕಾಸರಗೋಡು ಇನ್ನೂ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದವು. ಹಾಳೆ ಹಳದಿಯಾಗಿದೆ, ಅಂಚನ್ನು ಗೆದ್ದಲು ರುಚಿ ನೋಡಿದೆ. ಆದರೂ ಓದಬಹುದು. ಮೊನ್ನೆ ಹಿರಿಯರೊಬ್ಬರು ಜನ್ಮದಿನಾಂಕದ ಪುರಾವೆ ಬೇಕೆಂದು ಬಂದಾಗ ಹತ್ತೇ ನಿಮಿಷದಲ್ಲಿ ಹುಡುಕಿ ಕೊಟ್ಟೆವು.

ಅದೇ ವಾರ ನಮಗೂ ಒಂದು ಹಳೆಯ ದಾಖಲೆ ಬೇಕಾಯಿತು. ತೀರಾ ಹಳೆಯದೇನಲ್ಲ, ಹತ್ತು-ಹನ್ನೆರಡು ವರ್ಷದ್ದು. ಗಡಿಯ ಆಚೆ ಈಚೆಯ ಕೆಲವು ಕನ್ನಡ ಮೇಷ್ಟ್ರುಗಳು ಸೇರಿ ಒಂದು ಮೆಸೆಂಜರಿನ ಗುಂಪಿನಲ್ಲಿ ವಿಜ್ಞಾನದ ಪಾರಿಭಾಷಿಕ ಪದಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿದ್ದೆವು. ಯಾವ ಪದ ಮಕ್ಕಳ ನಾಲಿಗೆಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದೆಲ್ಲ ಜಗಳಾಡಿದ್ದೆವು! ಈಗ ಹುಡುಕಿದರೆ ಒಂದು ಸಾಲೂ ಇಲ್ಲ. ಆ ಮೆಸೆಂಜರನ್ನು ದೊಡ್ಡವರೊಬ್ಬರು ಕೊಂಡರು, ಕೆಲ ವರ್ಷ ನಡೆಸಿದರು, ಬಾಗಿಲು ಹಾಕಿದರು. ಪ್ರತಿ ತೆಗೆದಿಟ್ಟುಕೊಳ್ಳಿ ಎಂದು ನೋಟೀಸು ಬಂದಿತ್ತಂತೆ, ನಾವು ಗಮನಿಸಿರಲಿಲ್ಲ.

ಎಪ್ಪತ್ತು ವರ್ಷದ ಕಾಗದ ಉಳಿದಿದೆ, ಹತ್ತು ವರ್ಷದ ಮಾತು ಉಳಿದಿಲ್ಲ. ಇದು ಹೇಗಾಯಿತು ಎಂದು ಯೋಚಿಸುತ್ತಾ ಕುಳಿತಾಗ ಈ ಹರಟೆಕಟ್ಟೆಗಳ ಚರಿತ್ರೆಯನ್ನೇ ಒಮ್ಮೆ ಬರೆದುಬಿಡೋಣ ಅನ್ನಿಸಿತು. ಪಠ್ಯಪುಸ್ತಕದಲ್ಲಿ ಈ ಚರಿತ್ರೆ ಇಲ್ಲ, ಆದರೆ ನಾವೆಲ್ಲ ಇದರೊಳಗೇ ಬದುಕುತ್ತಿದ್ದೇವೆ.

ಮೊದಲು ಕಟ್ಟೆ ಯಾರದ್ದೂ ಆಗಿರಲಿಲ್ಲ. 1988ರ ಆಗಸ್ಟಿನಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೋ ಓಯ್ಕರಿನೆನ್ ಎಂಬಾತ ಐಆರ್‌ಸಿ ಎಂಬ ಹರಟೆ ವ್ಯವಸ್ಥೆಯನ್ನು ಬರೆದ. ಅದರಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ಕೋಣೆ, ಕೋಣೆಯ ಹೆಸರಿನ ಮುಂದೆ # ಚಿಹ್ನೆ. 1991ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕ್ಷಿಪ್ರಕ್ರಾಂತಿಯ ಯತ್ನ ನಡೆದಾಗ ಅಲ್ಲಿನ ಸುದ್ದಿ ಈ ಕೋಣೆಗಳ ಮೂಲಕ ಹೊರಗೆ ಬಂತು. ಐಆರ್‌ಸಿ ಒಂದು ಕಂಪನಿಯ ಸರಕಲ್ಲ, ಒಂದು ಒಪ್ಪಂದ. ನಿಯಮ ಗೊತ್ತಿದ್ದವರು ಯಾರು ಬೇಕಾದರೂ ತಮ್ಮದೇ ಗಣಕದಲ್ಲಿ ಕಟ್ಟೆ ಕಟ್ಟಬಹುದು. ಯಾರದ್ದೂ ಅಲ್ಲದ್ದನ್ನು ಕೊಳ್ಳುವುದಾದರೂ ಯಾರಿಂದ? ಹಾಗಾಗಿ ಅದು ಇಂದಿಗೂ ಬದುಕಿದೆ.

ಕೊಳ್ಳುವ ಕಥೆ ಶುರುವಾದದ್ದು 1996ರ ನಂತರ. ಆ ವರ್ಷ ಇಸ್ರೇಲಿನ ಮಿರಾಬಿಲಿಸ್ ಎಂಬ ಪುಟ್ಟ ಕಂಪನಿ ಐಸಿಕ್ಯೂ ಬಿಡುಗಡೆ ಮಾಡಿತು. ಗೆಳೆಯರು ಆನ್‌ಲೈನ್ ಇದ್ದಾರೋ ಇಲ್ಲವೋ ಎಂದು ತೋರಿಸುವ ಪುಟ್ಟ ಹಸಿರು ಹೂವು, ಸಂದೇಶ ಬಂದರೆ ‘ಅ-ಓ’ ಎನ್ನುವ ಸದ್ದು... ಆ ಕಾಲದ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕುಳಿತವರಿಗೆ ನೆನಪಿರಬಹುದು. 1998ರಲ್ಲಿ ಅಮೆರಿಕದ ಎಒಎಲ್ ಇದನ್ನು 28.7 ಕೋಟಿ ಡಾಲರು ಕೊಟ್ಟು ಕೊಂಡಿತು. ಎಒಎಲ್ ಬಳಿ ತನ್ನದೇ ಇನ್ನೊಂದು ಮೆಸೆಂಜರ್ ಇತ್ತು! 2010ರಲ್ಲಿ ಐಸಿಕ್ಯೂ ರಷ್ಯದ ಕಂಪನಿಯೊಂದಕ್ಕೆ 18.75 ಕೋಟಿ ಡಾಲರಿಗೆ ಮಾರಾಟವಾಯಿತು. 2024ರ ಜೂನಿನಲ್ಲಿ ಮುಚ್ಚಿಹೋಯಿತು. ಎಒಎಲ್‌ನ ಸ್ವಂತ ಮೆಸೆಂಜರ್ 2017ರಲ್ಲೇ ಕಣ್ಣು ಮುಚ್ಚಿತ್ತು. ಯಾಹೂ ಮೆಸೆಂಜರ್ 2018ರಲ್ಲಿ.

ಸ್ಕೈಪ್‌ನ ಜಾತಕವೂ ಹೀಗೆಯೇ. 2003ರಲ್ಲಿ ಹುಟ್ಟಿತು, ತಂತ್ರಾಂಶ ಬರೆದವರು ಎಸ್ಟೋನಿಯದ ಹುಡುಗರು. 2005ರಲ್ಲಿ ಇಬೇ ಕೊಂಡಿತು. ಹರಾಜು ನಡೆಸುವವರಿಗೆ ದೂರವಾಣಿ ಯಾಕೆ ಎಂದು ಅವರಿಗೂ ಕೊನೆಗೆ ತಿಳಿಯಲಿಲ್ಲವೋ ಏನೋ, 2009ರಲ್ಲಿ ಬಹುಪಾಲನ್ನು ಹೂಡಿಕೆದಾರರಿಗೆ ಮಾರಿದರು. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರು ಕೊಟ್ಟಿತು. 2025ರ ಮೇ 5ರಂದು ಸ್ಕೈಪ್ ನಿಂತಿತು. ಗಲ್ಫಿನಲ್ಲಿದ್ದ ಮಕ್ಕಳ ಮುಖವನ್ನು ಮೊದಲ ಬಾರಿಗೆ ಸ್ಕೈಪಿನಲ್ಲಿ ನೋಡಿದ ಅಮ್ಮಂದಿರು ನಮ್ಮೂರ ಕಡೆ ಎಷ್ಟಿಲ್ಲ!

ಇಷ್ಟು ಹೊತ್ತು ಹೇಳಿದ್ದು ಮನೆಮಂದಿಯ ಹರಟೆ. ಈಗ ಕಚೇರಿಯ ಹರಟೆಗೆ ಬರೋಣ. ಕಥೆ ನಿಜವಾಗಿ ರುಚಿಯಾಗುವುದು ಇಲ್ಲಿಯೇ.

ಸ್ಟುವರ್ಟ್ ಬಟರ್‌ಫೀಲ್ಡ್ ಎಂಬ ಕೆನಡಾದವನಿಗೆ ಆಟ ಮಾಡುವ ಹುಚ್ಚು. ವ್ಯಾಂಕೂವರಿನಲ್ಲಿ ಹೆಂಡತಿ ಕೆಟರಿನಾ ಫೇಕ್ ಜೊತೆ ಸೇರಿ ಒಂದು ಆನ್‌ಲೈನ್ ಆಟ ಕಟ್ಟಲು ಹೊರಟ. ಆಟ ಆಗಲಿಲ್ಲ. ಅದರ ಅವಶೇಷದಿಂದ 2004ರಲ್ಲಿ ಫ್ಲಿಕರ್ ಎಂಬ ಚಿತ್ರ ಹಂಚುವ ತಾಣ ಹುಟ್ಟಿತು. ಮರುವರ್ಷವೇ ಅದನ್ನು ಯಾಹೂ ಕೊಂಡಿತು. ಯಾಹೂ ಬಿಟ್ಟು ಬಂದ ಬಟರ್‌ಫೀಲ್ಡ್ 2009ರಲ್ಲಿ ಟೈನಿ ಸ್ಪೆಕ್ ಎಂಬ ಕಂಪನಿ ಕಟ್ಟಿ ಮತ್ತೆ ಆಟಕ್ಕೇ ಕೈಹಾಕಿದ! ಹೆಸರು ಗ್ಲಿಚ್. 2011ರಲ್ಲಿ ಬಿಡುಗಡೆಯಾಯಿತು, 2012ರ ಡಿಸೆಂಬರಿನಲ್ಲಿ ಮುಚ್ಚಿತು. ಆಟ ಸೋತರೂ ಆಟ ಕಟ್ಟುವಾಗ ತಂಡದವರು ತಮ್ಮೊಳಗೆ ಮಾತಾಡಲು ಐಆರ್‌ಸಿಗೆ ತೇಪೆ ಹಾಕಿ ಮಾಡಿಕೊಂಡಿದ್ದ ಒಂದು ಉಪಕರಣ ಕೈಯಲ್ಲಿ ಉಳಿದಿತ್ತು. ಅದನ್ನೇ ಚೊಕ್ಕ ಮಾಡಿ 2013ರ ಆಗಸ್ಟಿನಲ್ಲಿ ಪರೀಕ್ಷೆಗೆ ಬಿಟ್ಟರು, 2014ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆದರು. ಅದೇ ಸ್ಲ್ಯಾಕ್. ಕೋಣೆಯ ಹೆಸರಿನ ಮುಂದೆ ಅದೇ # ಚಿಹ್ನೆ. ಯಾರದ್ದೂ ಅಲ್ಲದ ಕಟ್ಟೆಯ ಮೇಲೆ ಒಂದು ಕಂಪನಿಯ ಮನೆ ಎದ್ದಿತು ಅನ್ನಿ.

ಸ್ಲ್ಯಾಕ್ ಮೊದಲನೆಯದೇನೂ ಅಲ್ಲ. 2006ರಲ್ಲೇ ಕ್ಯಾಂಪ್‌ಫೈರ್ ಬಂದಿತ್ತು. 2008ರಲ್ಲಿ ಬಂದ ಯಾಮರನ್ನು 2012ರಲ್ಲಿ ಮೈಕ್ರೋಸಾಫ್ಟ್ 120 ಕೋಟಿ ಡಾಲರಿಗೆ ಕೊಂಡಿತ್ತು. ಅದೇ 2012ರಲ್ಲಿ ಆಸ್ಟ್ರೇಲಿಯದ ಅಟ್ಲಾಸಿಯನ್ ಕಂಪನಿ ಹಿಪ್‌ಚಾಟನ್ನು ಕೊಂಡಿತ್ತು. ಆದರೆ ಸ್ಲ್ಯಾಕ್ ಬಳಸಲು ಹಿತವಾಗಿತ್ತು, ಹಳೆಯ ಮಾತನ್ನು ಹುಡುಕುವುದು ಸುಲಭವಾಗಿತ್ತು. ಅದರ ಹೆಸರನ್ನೇ ಬಿಡಿಸಿ ಹೇಳಿದರೆ ‘ಎಲ್ಲ ಮಾತುಕತೆ ಮತ್ತು ಜ್ಞಾನದ ಹುಡುಕಬಲ್ಲ ದಾಖಲೆ’ ಎಂದಾಗುತ್ತದೆ. ಈ ಮಾತನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

2016ರಲ್ಲಿ ಮೈಕ್ರೋಸಾಫ್ಟ್ ಸ್ಲ್ಯಾಕನ್ನು 800 ಕೋಟಿ ಡಾಲರಿಗೆ ಕೊಳ್ಳುವ ಯೋಚನೆ ಮಾಡಿತ್ತೆಂದು ವರದಿಯಾಯಿತು. ಕೊಳ್ಳಲಿಲ್ಲ. ಬದಲಿಗೆ ಆ ವರ್ಷದ ನವೆಂಬರ್ 2ರಂದು ತನ್ನದೇ ‘ಟೀಮ್ಸ್’ ಘೋಷಿಸಿತು. ಅದೇ ದಿನ ಸ್ಲ್ಯಾಕ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಮೈಕ್ರೋಸಾಫ್ಟನ್ನು ಸ್ವಾಗತಿಸಿತು, ಜೊತೆಗೆ ನಾಲ್ಕು ಬುದ್ಧಿಮಾತನ್ನೂ ಹೇಳಿತು! 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ ಆಪಲ್ ಕೂಡ ಇಂಥದೇ ಸ್ವಾಗತದ ಜಾಹೀರಾತು ಕೊಟ್ಟಿತ್ತು. ಮುಂದಿನ ವರ್ಷಗಳಲ್ಲಿ ಪಿಸಿ ಮಾರುಕಟ್ಟೆ ಯಾರ ಪಾಲಾಯಿತೆಂದು ಗೊತ್ತಿದ್ದವರು ಆಗಲೇ ತಲೆ ಅಲ್ಲಾಡಿಸಿರಬೇಕು.

ಟೀಮ್ಸ್ ಗೆದ್ದದ್ದು ಹೇಗೆ? ನಮ್ಮ ಪೇಟೆಯ ಉದಾಹರಣೆ ತೆಗೆದುಕೊಳ್ಳಿ. ಊರಿನವರೆಲ್ಲ ಅಕ್ಕಿಗೆ ಒಂದೇ ದೊಡ್ಡ ಅಂಗಡಿಗೆ ಹೋಗುತ್ತಾರೆ. ಪಕ್ಕದಲ್ಲಿ ಒಬ್ಬ ಒಳ್ಳೆಯ ಉಪ್ಪು ಮಾರಿ ಬದುಕುತ್ತಿದ್ದಾನೆ. ಒಂದು ದಿನ ದೊಡ್ಡ ಅಂಗಡಿಯವನು ಅಕ್ಕಿಯ ಚೀಲದೊಳಗೇ ಒಂದು ಪೊಟ್ಟಣ ಉಪ್ಪು ಹಾಕಿ ಕೊಡತೊಡಗಿದರೆ? ಉಪ್ಪಿನವನ ಉಪ್ಪು ಎಷ್ಟೇ ಚೆನ್ನಾಗಿದ್ದರೂ ಕೊಳ್ಳುವವರಾರು? ವರ್ಡ್, ಎಕ್ಸೆಲ್ ಇರುವ ಆಫೀಸ್ ಚೀಲ ಬಹುಪಾಲು ಕಚೇರಿಗಳಲ್ಲಿ ಮೊದಲೇ ಇತ್ತು. ಟೀಮ್ಸ್ ಅದರೊಳಗೇ ಬಂತು. 2019ರ ಅಕ್ಟೋಬರಿನಲ್ಲಿ ಸ್ಲ್ಯಾಕ್ ದಿನಕ್ಕೆ 1.2 ಕೋಟಿ ಜನ ಬಳಸುತ್ತಾರೆ ಎಂದಿತು. ನವೆಂಬರಿನಲ್ಲಿ ಟೀಮ್ಸ್ 2 ಕೋಟಿ ಎಂದಿತು. ಕೊರೋನಾ ಬಂದು ಎಲ್ಲರೂ ಮನೆ ಸೇರಿದ ಮೇಲೆ, 2020ರ ಏಪ್ರಿಲಿನಲ್ಲಿ, ಆ ಸಂಖ್ಯೆ 7.5 ಕೋಟಿಯಾಯಿತು. ಉಚಿತ ಉಪ್ಪಿನ ಬೆಲೆ ಅಕ್ಕಿಯಲ್ಲಿ ಸೇರಿರುತ್ತದೆ ಎಂಬುದು ಬೇರೆ ಮಾತು.

2020ರ ಜುಲೈನಲ್ಲಿ ಸ್ಲ್ಯಾಕ್ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತು. ದೂರಿನ ಗತಿ ನೋಡಿ. ವಿಧಿವತ್ತಾಗಿ ತನಿಖೆ ಆರಂಭವಾದದ್ದು 2023ರ ಜುಲೈನಲ್ಲಿ. ಮೈಕ್ರೋಸಾಫ್ಟ್ ಯುರೋಪಿನಲ್ಲಿ ಟೀಮ್ಸನ್ನು ಚೀಲದಿಂದ ಹೊರಗೆ ತೆಗೆದದ್ದು 2023ರ ಅಕ್ಟೋಬರಿನಲ್ಲಿ, ಇಡೀ ಜಗತ್ತಿನಲ್ಲಿ 2024ರ ಏಪ್ರಿಲಿನಲ್ಲಿ. ಆಯೋಗ ಅವರ ವಚನಗಳನ್ನು ಒಪ್ಪಿ ಪ್ರಕರಣ ಮುಗಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ಐದು ವರ್ಷ! ಒಂದನೇ ಕ್ಲಾಸಿಗೆ ಸೇರಿದ ಮಗು ಆರನೆಯದಕ್ಕೆ ಬರುವಷ್ಟು ಕಾಲ. ಅಷ್ಟರಲ್ಲಿ ದೂರುದಾರನೇ ಮಾರಾಟವಾಗಿದ್ದ. 2020ರ ಡಿಸೆಂಬರ್ 1ರಂದು ಸೇಲ್ಸ್‌ಫೋರ್ಸ್ ಎಂಬ ಇನ್ನೊಂದು ದೈತ್ಯ 2,770 ಕೋಟಿ ಡಾಲರಿಗೆ ಸ್ಲ್ಯಾಕನ್ನು ಕೊಳ್ಳುವುದಾಗಿ ಘೋಷಿಸಿತು, 2021ರ ಜುಲೈನಲ್ಲಿ ವ್ಯವಹಾರ ಮುಗಿಯಿತು. ಬಟರ್‌ಫೀಲ್ಡ್ 2023ರ ಆರಂಭದಲ್ಲಿ ಅಲ್ಲಿಂದಲೂ ಹೊರಬಂದ.

ಅಯ್ಯೋ ಪಾಪ ಸ್ಲ್ಯಾಕ್ ಎನ್ನುವ ಮೊದಲು ಇನ್ನೊಂದು ಪುಟವನ್ನೂ ಓದಬೇಕು. 2018ರ ಜುಲೈನಲ್ಲಿ ಇದೇ ಸ್ಲ್ಯಾಕ್ ಅಟ್ಲಾಸಿಯನ್‌ನಿಂದ ಹಿಪ್‌ಚಾಟ್ ಮತ್ತು ಅದರ ತಮ್ಮ ಸ್ಟ್ರೈಡ್‌ನ ಹಕ್ಕುಗಳನ್ನು ಕೊಂಡಿತು. ನಡೆಸಲಿಕ್ಕಲ್ಲ, ಮುಚ್ಚಲಿಕ್ಕೆ. 2019ರ ಫೆಬ್ರವರಿಯಲ್ಲಿ ಎರಡೂ ನಿಂತವು. ಸಣ್ಣ ಮೀನು ತನಗಿಂತ ಸಣ್ಣದನ್ನು ನುಂಗುವಾಗ ಯಾರೂ ಆಯೋಗಕ್ಕೆ ಹೋಗುವುದಿಲ್ಲ. ಆದ್ದರಿಂದ ಇದು ಒಳ್ಳೆಯವರು ಕೆಟ್ಟವರ ಕಥೆಯಲ್ಲ. ಕಟ್ಟಿದವರಿಗೆ ಹಣ ಬೇಕು, ಹೂಡಿದವರಿಗೆ ಲಾಭ ಬೇಕು, ಕೊಳ್ಳುವವರಿಗೆ ಎದುರಾಳಿ ಇರಬಾರದು. ಮೂವರಿಗೂ ಬೇಕಾದ್ದು ಸಿಗುತ್ತದೆ. ಲೆಕ್ಕದಲ್ಲಿ ಬರದವನು ನಾಲ್ಕನೆಯವನು, ಕಟ್ಟೆಯ ಮೇಲೆ ಕುಳಿತು ಮಾತಾಡಿದವನು.

ಅವನ ಗತಿ ಏನಾಯಿತು? ಸ್ಲ್ಯಾಕಿನ ಉಚಿತ ಬಳಕೆದಾರರಿಗೆ ಮೊದಲು ಕೊನೆಯ 10,000 ಸಂದೇಶಗಳು ಕಾಣುತ್ತಿದ್ದವು. 2022ರ ಸೆಪ್ಟೆಂಬರಿನಿಂದ 90 ದಿನದ್ದು ಮಾತ್ರ. 2024ರ ಆಗಸ್ಟಿನಿಂದ ಉಚಿತ ಗುಂಪುಗಳ ಒಂದು ವರ್ಷಕ್ಕಿಂತ ಹಳೆಯ ಸಂದೇಶಗಳನ್ನು ಅಳಿಸತೊಡಗಿದರು. ‘ಹುಡುಕಬಲ್ಲ ದಾಖಲೆ’ ಎಂಬ ಹೆಸರು ನೆನಪಿದೆಯಲ್ಲ?

ಹಾಗಾದರೆ ಕೊಂಡ ಮೇಲೆ ಎಲ್ಲವೂ ಸಾಯಲೇಬೇಕೇ? ಇಲ್ಲ. ಜುಲಿಪ್‌ನ ಕಥೆ ಕೇಳಿ. ಅದೂ ಕಚೇರಿ ಹರಟೆಯ ಒಂದು ಸಣ್ಣ ತಂತ್ರಾಂಶ. ಇನ್ನೂ ಪೂರ್ತಿ ಬಿಡುಗಡೆಯೂ ಆಗಿರಲಿಲ್ಲ, 2014ರಲ್ಲಿ ಡ್ರಾಪ್‌ಬಾಕ್ಸ್ ಕಂಪನಿ ಕೊಂಡಿತು. ಅಲ್ಲಿಗೆ ಮುಗಿಯಿತು ಅಂದುಕೊಂಡಾಗ 2015ರಲ್ಲಿ ಡ್ರಾಪ್‌ಬಾಕ್ಸ್ ಅದರ ಮೂಲ ಸಂಕೇತವನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಮೂಲ ಕರ್ತೃಗಳಲ್ಲಿ ಒಬ್ಬನಾದ ಟಿಮ್ ಅಬಟ್ ಅದನ್ನು ಎತ್ತಿಕೊಂಡ, ಎಷ್ಟೋ ದೇಶಗಳ ಸ್ವಯಂಸೇವಕರು, ನಮ್ಮ ದೇಶದ ವಿದ್ಯಾರ್ಥಿಗಳೂ ಸೇರಿ, ಕೈಜೋಡಿಸಿದರು. ಜುಲಿಪ್ ಇಂದಿಗೂ ಇದೆ. ಫ್ರಾನ್ಸ್ ಸರಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮ್ಯಾಟ್ರಿಕ್ಸ್ ಎಂಬ ಮುಕ್ತ ನಿಯಮದ ಮೇಲೆ ತನ್ನ ನೌಕರರಿಗಾಗಿ ‘ಚಾಪ್’ ಎಂಬ ಹರಟೆ ವ್ಯವಸ್ಥೆಯನ್ನು 2019ರಲ್ಲಿ ಶುರು ಮಾಡಿತು. ಐಆರ್‌ಸಿ ಉಳಿದ ಕಾರಣವೇ ಇಲ್ಲಿಯೂ ಕೆಲಸ ಮಾಡುತ್ತಿದೆ.

ಕೇರಳದ ಶಾಲೆಗಳಲ್ಲಿರುವ ನಮಗೆ ಈ ಪಾಠ ಹೊಸತಲ್ಲ. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ, ಈಗಿನ ಕೈಟ್, ನಮ್ಮ ಮಕ್ಕಳಿಗೆ ಗ್ನೂ ಲಿನಕ್ಸಿನಲ್ಲೇ ಗಣಕ ಕಲಿಸುತ್ತಿದೆ. ತಂತ್ರಾಂಶ ಒಬ್ಬರ ಸೊತ್ತಾಗಿರಬಾರದು ಎಂದು ತರಗತಿಯಲ್ಲಿ ಹೇಳಿ, ಅಧ್ಯಾಪಕರ ಕೋಣೆಗೆ ಬಂದು ನಾವು ತೆರೆಯುವುದು ಮಾತ್ರ ವಾಟ್ಸಾಪ್! ನಮ್ಮ ಕಚೇರಿ ಹರಟೆ ಸ್ಲ್ಯಾಕೂ ಅಲ್ಲ, ಟೀಮ್ಸೂ ಅಲ್ಲ, ಅದೇ ಹಸಿರು ಗುಂಪು. 2014ರಲ್ಲಿ ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿದಾಗ ಅಲ್ಲಿದ್ದ ನೌಕರರು ಸುಮಾರು 55 ಮಂದಿ. ನಮ್ಮ ಕಡೆಯ ಒಂದು ದೊಡ್ಡ ಹೈಸ್ಕೂಲಿನ ಸಿಬ್ಬಂದಿಯಷ್ಟು. ಕೊಟ್ಟ ಬೆಲೆ ಅವರ ತಂತ್ರಾಂಶಕ್ಕಿಂತ ಹೆಚ್ಚಾಗಿ ಅಲ್ಲಿ ನೆರೆದಿದ್ದ 45 ಕೋಟಿ ಬಳಕೆದಾರರಿಗೆ. 2021ರಲ್ಲಿ ಅವರು ಬದಲಿಸಿದ ಖಾಸಗಿತನದ ನಿಯಮಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ 213 ಕೋಟಿ ರೂಪಾಯಿ ದಂಡ ಹಾಕಿದ್ದೂ ನೆನಪಿನಲ್ಲಿರಲಿ.

ಗುಂಪು ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ, ನಾವೇ ಬಿಟ್ಟಿಲ್ಲ. ಎಲ್ಲರೂ ಇರುವಲ್ಲಿಗೇ ಎಲ್ಲರೂ ಹೋಗಬೇಕಾಗುತ್ತದೆ, ಸಂತೆಯ ಹಾಗೆ. ಆದರೆ ನಮ್ಮ ಕಡೆ ಅನುದಾನಿತ ಶಾಲೆಗಳಿರುವುದು ನಿಮಗೆ ಗೊತ್ತು. ಮ್ಯಾನೇಜರ್ ಬದಲಾಗುತ್ತಾರೆ, ಆಡಳಿತ ಕೈ ದಾಟುತ್ತದೆ, ರಾಜ್ಯವೇ ಬದಲಾದದ್ದೂ ಉಂಟು. ದಾಖಲಾತಿ ರಿಜಿಸ್ಟರ್ ಮಾತ್ರ ಶಾಲೆಯ ಕಪಾಟಿನಲ್ಲೇ ಉಳಿಯುತ್ತದೆ. ಹಾಗೆ ಉಳಿಯಬೇಕೆಂದು ಯಾರೋ ನಿಯಮ ಮಾಡಿದ್ದರು, ಯಾರೋ ಗುಮಾಸ್ತರು ಅದನ್ನು ಪಾಲಿಸಿದರು. ಗಡಿಯಾಚೆಗೆ ಉಳಿದ ನಮ್ಮಂಥವರ ಕನ್ನಡಕ್ಕೆ ಇಂಥ ಕಾಗದಗಳೇ ಸಾಕ್ಷಿ.

ಆದ್ದರಿಂದ ನಮ್ಮ ಶಾಲೆಯಲ್ಲಿ ಒಂದು ತೀರ್ಮಾನ ಮಾಡಿದ್ದೇವೆ. ಪ್ರತಿ ಅವಧಿಯ ಕೊನೆಗೆ ಗುಂಪಿನಲ್ಲಿ ನಡೆದ ಒಳ್ಳೆಯ ಚರ್ಚೆಗಳನ್ನು, ಪದಪಟ್ಟಿಗಳನ್ನು, ಮಕ್ಕಳ ಬರಹಗಳನ್ನು ಯುನಿಕೋಡಿನಲ್ಲಿ ಸರಳ ಪಠ್ಯವಾಗಿ ಇಳಿಸಿಕೊಳ್ಳುವುದು, ಶಾಲೆಯ ಗಣಕದಲ್ಲಿ ಒಂದು ಪ್ರತಿ, ಮುದ್ರಿಸಿ ಆ ಮರದ ಕಪಾಟಿನಲ್ಲಿ ಇನ್ನೊಂದು ಪ್ರತಿ. ಈ ಬಾರಿಯದು 34 ಪುಟ ಆಯಿತು. ಕಳೆದುಹೋದ ಪದಪಟ್ಟಿಯನ್ನು ನೆನಪಿನಿಂದ ಮತ್ತೆ ಬರೆಯಲು ಕುಳಿತಿದ್ದೇವೆ, ಅರ್ಧದಷ್ಟೂ ನೆನಪಾಗುತ್ತಿಲ್ಲ. ನಿಮ್ಮ ಶಾಲೆಯ ಗುಂಪಿನಲ್ಲಿ ಏನೇನಿದೆ, ಒಮ್ಮೆ ನೋಡಿ. ಇರುವಾಗಲೇ ಇಳಿಸಿಕೊಳ್ಳಿ.