ಕೈಪಿಡಿಯೊಳಗಿನ ಜಾತಿ

ಪುಣೆಯ ಯರವಡಾ ಸೆರೆಮನೆಯೆಂದೊಡನೆ ನಮಗೆ 1932ರ ಸೆಪ್ಟೆಂಬರ್ ನೆನಪಾಗುತ್ತದೆ. ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಡುವುದನ್ನು ವಿರೋಧಿಸಿ ಗಾಂಧೀಜಿ ಅಲ್ಲಿ ಉಪವಾಸ ಕುಳಿತರು. 24ರಂದು ಪುಣೆ ಒಪ್ಪಂದಕ್ಕೆ ಅಂಬೇಡ್ಕರರು ಸಹಿ ಹಾಕಿದರು. ಅಸ್ಪೃಶ್ಯತೆಯ ಪ್ರಶ್ನೆ ಸೆರೆಮನೆಯ ಗೋಡೆಯೊಳಗಿಂದ ಇಡೀ ದೇಶವನ್ನು ಅಲುಗಿಸಿತು. ಆದರೆ ಕೈದಿಗಳಲ್ಲಿ ಅಡುಗೆ ಯಾರದು, ಕಕ್ಕಸು ಬಳಿಯುವುದು ಯಾರದು ಎಂಬುದನ್ನು ಜಾತಿಯಿಂದಲೇ ಗೊತ್ತುಮಾಡುವ ನಿಯಮಗಳು ಹಲವು ರಾಜ್ಯಗಳ ಸೆರೆಮನೆ ಕೈಪಿಡಿಗಳಲ್ಲಿ 2024ರವರೆಗೂ ಉಳಿದಿದ್ದವು. ಇದು ಹೇಗಾಯಿತೆಂದು ತಿಳಿಯಲು ಸೆರೆಮನೆಯ ಆಡಳಿತವನ್ನು ಕಟ್ಟಿದ ಬಗೆಯನ್ನೇ ನೋಡಬೇಕು.

ಮೆಕಾಲೆಯ ಸಲಹೆಯಿಂದ ನೇಮಕವಾದ ಸಮಿತಿಯೊಂದು 1838ರಲ್ಲಿ ವರದಿ ಕೊಟ್ಟಿತು. ಕೈದಿಗಳನ್ನು ರಸ್ತೆ ಕೆಲಸಕ್ಕೆ ಕಳಿಸದೆ ಗೋಡೆಯೊಳಗೇ ದುಡಿಸಬೇಕು, ದೀರ್ಘ ಶಿಕ್ಷೆಯವರಿಗೆ ಕೇಂದ್ರ ಕಾರಾಗೃಹಗಳಿರಬೇಕು, ಪ್ರಾಂತಕ್ಕೊಬ್ಬ ಇನ್‌ಸ್ಪೆಕ್ಟರ್ ಜನರಲ್ ಇರಬೇಕು ಎಂಬುವು ಅದರ ಶಿಫಾರಸುಗಳು. 1894ರ ಕಾರಾಗೃಹ ಕಾಯ್ದೆ ಈ ಕಟ್ಟನ್ನು ಗಟ್ಟಿಗೊಳಿಸಿತು: ಮೇಲೆ ಇನ್‌ಸ್ಪೆಕ್ಟರ್ ಜನರಲ್, ಪ್ರತಿ ಸೆರೆಮನೆಗೂ ಸೂಪರಿಂಟೆಂಡೆಂಟ್, ವೈದ್ಯಾಧಿಕಾರಿ, ಜೈಲರ್, ಅವರ ಕೈಕೆಳಗೆ ವಾರ್ಡರುಗಳು. ಕೈದಿಗಳಲ್ಲೇ ಕೆಲವರನ್ನು ಅಧಿಕಾರಿಗಳಾಗಿ ನೇಮಿಸುವುದಕ್ಕೂ ಅವಕಾಶವಿತ್ತು. ಬಿಡಿ ನಿಯಮಗಳನ್ನು ಮಾಡುವ ಅಧಿಕಾರ ಪ್ರಾಂತ ಸರಕಾರಗಳಿಗೆ ಸೇರಿತು. ಸಂವಿಧಾನವೂ ಕಾರಾಗೃಹವನ್ನು ರಾಜ್ಯಪಟ್ಟಿಯಲ್ಲೇ ಇರಿಸಿತು. ಏಕೀಕರಣದ ಬಳಿಕ ನಮ್ಮ ರಾಜ್ಯ 1963ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಎಲ್ಲಿಯೇ ಆಗಲಿ, ಕೈದಿಯ ದಿನಚರಿಯನ್ನು ಆಳುವುದು ಕಾಯ್ದೆಗಿಂತ ಹೆಚ್ಚಾಗಿ ಕೈಪಿಡಿ.

ಆ ಕೈಪಿಡಿಯೊಳಗೆ ಜಾತಿ ಹೊಕ್ಕಿದ್ದಕ್ಕೂ ಒಂದು ಚರಿತ್ರೆಯಿದೆ. ಮೊದಲು ಕೈದಿಗಳು ತಂತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. 1840ರ ದಶಕದಲ್ಲಿ ಸಾಮೂಹಿಕ ಅಡುಗೆಯನ್ನು ಜಾರಿಗೆ ತಂದಾಗ ಬಿಹಾರದ ಸೆರೆಮನೆಗಳಲ್ಲಿ ಗಲಭೆಗಳಾದವು. 1855ರಲ್ಲಿ ಹಿತ್ತಾಳೆಯ ಚೊಂಬುಗಳನ್ನು ಕಿತ್ತುಕೊಂಡು ಮಣ್ಣಿನವನ್ನು ಕೊಡಹೋದಾಗ ಆರಾ ಮತ್ತು ಮುಜಫ್ಫರಪುರಗಳಲ್ಲಿ ಜನರೂ ಕೈದಿಗಳ ಪರ ನಿಂತರು. ಮೈಲಿಗೆಯ ಭಯ ಬಂಡಾಯವಾಗಬಲ್ಲದೆಂದು ಆಳುವವರಿಗೆ ಮನವರಿಕೆಯಾಯಿತು. ಮೇಲ್ಜಾತಿಯ ಕೈದಿಯ ಮಡಿಗೆ ನಿಯಮದ ಕಾವಲು ಸಿಕ್ಕಿತು. ಅದರ ಬೆಲೆ ತೆತ್ತವನು ಪಕ್ಕದ ಕೋಣೆಯ ದಲಿತ ಕೈದಿ.

ಸ್ವಾತಂತ್ರ್ಯ ಬಂದಿತು, ಅಸ್ಪೃಶ್ಯತೆಯನ್ನು ಸಂವಿಧಾನ ರದ್ದುಪಡಿಸಿತು. 1980ರಿಂದ 1983ರವರೆಗೆ ಮುಲ್ಲಾ ಸಮಿತಿ ಸೆರೆಮನೆ ಸುಧಾರಣೆಯನ್ನು ವಿಸ್ತಾರವಾಗಿ ಪರಿಶೀಲಿಸಿತು. ಆದರೂ ಉತ್ತರಪ್ರದೇಶದ 2022ರ ಪರಿಷ್ಕೃತ ಕೈಪಿಡಿಯಲ್ಲೂ ಸಾದಾ ಶಿಕ್ಷೆಯ ಕೈದಿಗೆ ಹೀನವೆನಿಸುವ ಕೆಲಸ ಕೊಡಬಾರದೆಂಬ ನಿಯಮಕ್ಕೆ ಒಂದು ವಿನಾಯಿತಿ ಉಳಿಯಿತು: ಅಂಥ ಕೆಲಸ ರೂಢಿಯಿರುವ ಸಮುದಾಯದವನಾದರೆ ಕೊಡಬಹುದು. ಕಡತಗಳ ನಡುವೆ ಕೆಲಸ ಮಾಡುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಹಳೆಯ ನಿಯಮವನ್ನು ಹೊಸ ಪುಸ್ತಕಕ್ಕೆ ನಕಲು ಮಾಡಲು ದ್ವೇಷವೇನೂ ಬೇಕಿಲ್ಲ, ಅಭ್ಯಾಸ ಸಾಕು.

ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರ್ 3ರಂದು ಈ ನಿಯಮಗಳನ್ನು ಅಸಾಂವಿಧಾನಿಕವೆಂದು ಘೋಷಿಸಿತು. ಕೈಪಿಡಿಗಳನ್ನು ಮೂರು ತಿಂಗಳೊಳಗೆ ತಿದ್ದಬೇಕು, ಕೈದಿಗಳ ದಾಖಲೆಪುಸ್ತಕದಿಂದ ಜಾತಿಯ ಅಂಕಣವನ್ನು ತೆಗೆಯಬೇಕು ಎಂದಿತು.

2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ತಪ್ಪು ಮಾಡಿದ್ದಾರೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳದಿದ್ದವರು ಅವರು. ಹುಟ್ಟಿದ ಜಾತಿಯನ್ನು ನೋಡಿ ಪೊರಕೆಯನ್ನೋ ಸೌಟನ್ನೋ ಕೈಗಿಡುವ ವ್ಯವಸ್ಥೆ ಅವರ ಪಾಲಿಗೆ ತೀರ್ಪಿಗೆ ಮೊದಲೇ ಬಂದ ಶಿಕ್ಷೆ. ನ್ಯಾಯಾಲಯ ತನ್ನ ಕೆಲಸ ಮಾಡಿದೆ. ಇನ್ನು ಬೆಳಗಿನ ಕೆಲಸ ಹಂಚುವ ವಾರ್ಡರು ಕೈದಿಯ ಹೆಸರನ್ನಷ್ಟೇ ಕೇಳಿ ಸುಮ್ಮನಾಗುತ್ತಾನೆಯೇ ಎಂಬುದನ್ನು ನಾವು ನೋಡಬೇಕಾಗಿದೆ.