ಅವ್ವನ ಎರಡು ಹೆಸರು

ಮಸ್ಕಿಯ ನಮ್ಮ ತವರುಮನೆ ಮಾರಿದ್ದು ಅವ್ವ ತೀರಿಹೋದ ಎರಡನೆಯ ವರ್ಷ. ಮನೆ ಮಸ್ಕಿಯಲ್ಲಿ, ಕೊಳ್ಳುವವರು ಸಿಂಧನೂರಿನವರು, ಹಳೆಯ ದಾಖಲೆ ಇದ್ದದ್ದು ಲಿಂಗಸುಗೂರಿನಲ್ಲಿ. ಮೂರೂ ಊರುಗಳ ನಡುವೆ ನಾನು ಬಸ್ಸಿನಲ್ಲಿ ಓಡಾಡಿದ್ದೇ ಓಡಾಡಿದ್ದು. ಅಡುಗೆಮನೆಯ ಲೆಕ್ಕ ಬಿಟ್ಟು ಬೇರೆ ಕಾಗದ ನೋಡದ ನನಗೆ ಆ ನಾಲ್ಕು ತಿಂಗಳು ಒಂದು ಶಾಲೆಯೇ ಆಯಿತು.

ಮೊದಲ ತೊಡಕು ಬಂದದ್ದು ಅವ್ವನ ಹೆಸರಿನಿಂದ. ಅಪ್ಪ 1968ರಲ್ಲಿ ಮನೆ ಕೊಂಡಾಗ ಅವ್ವನ ಹೆಸರಿಗೇ ಖರೀದಿ ಪತ್ರ ಮಾಡಿಸಿದ್ದರು. ಅದರಲ್ಲಿದ್ದದ್ದು ಆಕೆಯ ತವರಿನ ಹೆಸರು. ರೇಷನ್ ಕಾರ್ಡಿನಲ್ಲಿ, ಮರಣ ಪತ್ರದಲ್ಲಿ ಇದ್ದದ್ದು ಮದುವೆಯಲ್ಲಿ ಅತ್ತೆಮನೆಯವರು ಇಟ್ಟ ಹೆಸರು. "ಇಬ್ಬರೂ ಒಬ್ಬರೇ ಅನ್ನೋದಕ್ಕ ಏನ್ ಗುರುತು ಅದಾವ್ರಿ?" ಎಂದು ಕಚೇರಿಯಲ್ಲಿ ಕೇಳಿದರು. ಐವತ್ತು ವರ್ಷ ಅದೇ ಮನೆಯಲ್ಲಿ ರೊಟ್ಟಿ ಬಡಿದವಳಿಗೆ ಗುರುತೆಲ್ಲಿಂದ ತರುವುದು!

ಹೊರಗೆ ಬಂದು ನಿಂತಾಗ ಕಣ್ಣೆದುರಿಗೆ ಮಸ್ಕಿಯ ಗುಡ್ಡ. ನನಗೆ ನಗು ಬಂತು. ಇದೇ ಊರಿನಲ್ಲಿ 1915ರಲ್ಲಿ, ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಎಂಬವರ ಕಣ್ಣಿಗೆ ಅಶೋಕನ ಬಂಡೆಗಲ್ಲಿನ ಶಾಸನ ಬಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳೇ ಇದ್ದವು. ಆ ರಾಜ ಅಶೋಕನೇ ಎಂದು ವಿದ್ವಾಂಸರು ಬೇರೆ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಕೆತ್ತಿದ್ದು ಮೊದಲು ಕಂಡದ್ದು ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲೂ ಸಿಕ್ಕಿತು. ಚಕ್ರವರ್ತಿಗೇ ಎರಡೂ ಹೆಸರು ಒಬ್ಬನದೇ ಎನ್ನುವುದಕ್ಕೆ ಒಂದು ಕಲ್ಲು ಬೇಕಾಯಿತು, ನಮ್ಮವ್ವನಿಗೆ ಬೇಡವೆ?

ನಮಗೆ ಕಲ್ಲಿನ ಬದಲು ಪ್ರಮಾಣಪತ್ರ ಸಾಕಾಯಿತು. ಎರಡೂ ಹೆಸರು ಒಬ್ಬಳದೇ ಎಂದು ನೋಟರಿ ಎದುರು ಬರೆಸಿ, ವಂಶಾವಳಿ ಮಾಡಿಸಿ ಕೊಟ್ಟೆವು. ಅದಕ್ಕೇ ಹೇಳುತ್ತೇನೆ, ತಂಗಿಯರೇ, ನಿಮ್ಮ ಹೆಸರಿಗೆ ಮನೆ ಇದ್ದರೆ ಎಲ್ಲ ಕಾಗದಗಳಲ್ಲೂ ಒಂದೇ ಹೆಸರಿದೆಯೇ ಎಂದು ಇವತ್ತೇ ನೋಡಿಕೊಳ್ಳಿ. ನಿಮ್ಮ ಮಕ್ಕಳು ಅಲೆಯುವುದು ತಪ್ಪೀತು.

ಲಿಂಗಸುಗೂರಿಗೆ ಹೋದದ್ದು ಋಣಭಾರ ಪತ್ರಕ್ಕೆ. ಜನ ಇದನ್ನು 'ಇ.ಸಿ.' ಎನ್ನುತ್ತಾರೆ. ಇಂತಿಷ್ಟು ವರ್ಷಗಳಲ್ಲಿ ಈ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳೇನು ಎಂದು ಅದು ತಿಳಿಸುತ್ತದೆ. ನೋಂದಣಿಯಾಗದ ಕೈಸಾಲವಾಗಲಿ, ಬಾಯಿಮಾತಿನ ಪಾಲಾಗಲಿ ಅದರಲ್ಲಿ ಕಾಣದು. ಮಸ್ಕಿ ಈಗ ತಾಲೂಕಾದರೂ ಮೊದಲು ಲಿಂಗಸುಗೂರಿಗೆ ಸೇರಿದ್ದರಿಂದ ನಮ್ಮ ಪತ್ರ ಅಲ್ಲಿಯೇ ನೋಂದಣಿಯಾಗಿತ್ತು. ಲಿಂಗಸುಗೂರು ತಾನೂ ಹಿಂದೆ ದೊಡ್ಡದು: ಛಾವಣಿ ಇದ್ದ ಊರು, 1905ರವರೆಗೆ ನಿಜಾಮರ ರಾಜ್ಯದ ಒಂದು ಜಿಲ್ಲೆ. ಸಿಂಧನೂರು ಅದರೊಳಗಿನ ತಾಲೂಕು. ಆಮೇಲೆ ಎರಡೂ ರಾಯಚೂರಿಗೆ ಸೇರಿದವು. 1948ರಲ್ಲಿ ನಿಜಾಮರ ಆಳಿಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಅಜ್ಜನ ಕಾಲದ ಹೊಲದ ಕಾಗದ ಉರ್ದುವಿನಲ್ಲಿ, ಅವ್ವನ ಮನೆಯ ಪತ್ರ ಕನ್ನಡದಲ್ಲಿ. ಸರಕಾರ ಬದಲಾಗಿದೆ, ಲಿಪಿ ಬದಲಾಗಿದೆ. ಮೂಡಲಿಗೆ ಯಾರ ಮನೆ, ಪಡುವಲಿಗೆ ಯಾವ ದಾರಿ ಎಂಬ ಚಕ್ಕುಬಂದಿ ಮಾತ್ರ ಎರಡರಲ್ಲೂ ಇದೆ. ಹಳೆಯ ದಾನಶಾಸನಗಳಲ್ಲೂ ನಾಲ್ಕು ಎಲ್ಲೆ ಹೇಳಿ, ಭೂಮಿ ಕಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಲಿ ಎಂದು ಶಪಿಸುತ್ತಿದ್ದರು. ಈಗ ಶಾಪದ ಜಾಗದಲ್ಲಿ ಛಾಪಾ ಕಾಗದ ಬಂದಿದೆ.

ಕೊಳ್ಳುವಾಕೆ ಶಾಲೆಯ ಟೀಚರು. ಒಂದು ದಿನ ಫೋನಿನಲ್ಲಿ ಕೇಳಿದಳು, "ಅಕ್ಕಾರ, ಖಾತೆ ನಿಮ್ಮಣ್ಣಾರ ಹೆಸರಿಗೆ ಆಗೇತಂತಲ್ರಿ, ಅಷ್ಟು ಸಾಲದೇನ್ರಿ?"

ನನಗೂ ಅದೇ ಸಂಶಯವಿತ್ತು. ವಕೀಲರೊಬ್ಬರು ಬಿಡಿಸಿ ಹೇಳಿದರು. ಖಾತೆ ಎಂಬುದು ಕರ ಯಾರು ಕಟ್ಟಬೇಕು ಎಂಬುದರ ಲೆಕ್ಕ, ಅದೇ ಒಡೆತನವಲ್ಲ. ಇಸಾರ ಕೊಟ್ಟು ಬರೆಸಿದ ಕರಾರು ಪತ್ರವೂ ಒಡೆತನ ಕೊಡುವುದಿಲ್ಲ. ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ. ಮುಖ್ತ್ಯಾರ ಪತ್ರ ಬರೆದುಕೊಟ್ಟರೆ ಮನೆ ಮಾರಿದಂತಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ. ಇನ್ನೊಂದು ಮಾತು: ಸಬ್ ರಿಜಿಸ್ಟ್ರಾರರು ನೋಡುವುದು ರುಜು ಮಾಡಿದವರು ಅವರೇ ಹೌದೇ ಎಂದು. ಮಾರುವವರಿಗೆ ಪೂರ್ತಿ ಹಕ್ಕಿದೆಯೇ ಎಂಬುದನ್ನು ಕೊಳ್ಳುವವರೇ ಹುಡುಕಿ ನೋಡಬೇಕು. ಸಿಂಧನೂರಿನ ಕಡೆ ಕ್ಯಾಂಪುಗಳಿವೆ, ಸರಕಾರ ಮಂಜೂರು ಮಾಡಿದ ಜಾಗಗಳೂ ಇವೆ. ಅಂಥಲ್ಲಿ ಮಂಜೂರಾತಿಯ ಷರತ್ತು ಓದದೆ ಇಸಾರ ಕೊಡಬಾರದು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಸರಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲವೆಂದು 1978ರ ಕಾಯಿದೆಯೇ ಇದೆ.

ಇಷ್ಟೆಲ್ಲ ಕಲಿತ ಮೇಲೆ ನನ್ನ ಮನೆಯ ಕಾಗದವೇ ನನ್ನೆದುರು ಬಂತು. ಬರಹಗಾರರು ಬರೆದ ಕರಡಿನಲ್ಲಿ ಅಣ್ಣ 'ಮೃತಳ ಏಕೈಕ ವಾರಸುದಾರ'. ಅಕ್ಕ ಮತ್ತು ನಾನು ಕೊನೆಯಲ್ಲಿ ಸಾಕ್ಷಿಗಳು.

"ನಿಮ್ಮದು ಬರೇ ರುಜು ಬೇಕವ್ವ" ಎಂದ ಅಣ್ಣ.

ನನ್ನ ಕೈ ಏಳಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಅಣ್ಣ ಕೆಟ್ಟವನಲ್ಲ, ಅವ್ವನ ಕೊನೆಗಾಲದಲ್ಲಿ ಮಗ್ಗುಲಲ್ಲಿದ್ದವನು ಅವನು, ವೈನಿ. ಆದರೂ ಹೇಳಿದೆ, "ಅಣ್ಣ, ಅವ್ವನ ಹೊಟ್ಯಾಗ ಹುಟ್ಟಿದವರು ಮೂರು ಮಂದಿ. ಸುಳ್ಳು ಬರೆದ ಕಾಗದಕ್ಕ ನಾ ಸಾಕ್ಷಿ ಆಗಂಗಿಲ್ಲ."

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಣ್ಣಿನ ಹೆಸರಿನ ಆಸ್ತಿಗೆ ಅವಳೇ ಪೂರ್ಣ ಒಡತಿ. ಉಯಿಲು ಬರೆಯದೆ ತೀರಿಕೊಂಡರೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ, ಗಂಡ ಬದುಕಿದ್ದರೆ ಅವನಿಗೂ ಸಮಪಾಲು. ಅಪ್ಪ ಮೊದಲೇ ತೀರಿದ್ದರಿಂದ ನಾವು ಮೂವರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ನಮ್ಮ ರಾಜ್ಯದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಬಂತು. ಅವ್ವನ ಆಸ್ತಿಯ ಮಾತು ಅದಕ್ಕಿಂತ ಹಳೆಯದು. ಸಾಕ್ಷಿಯ ರುಜುವಿನಿಂದ ನಮ್ಮ ಪಾಲು ಟೀಚರಿಗೆ ಹೋಗುತ್ತಿರಲಿಲ್ಲ. ನಾಳೆ ನಮ್ಮ ಮಕ್ಕಳು ತಕರಾರು ತೆಗೆದರೆ, ಸಾಲ ಮಾಡಿ ಮನೆ ಕೊಂಡ ಆಕೆ ಕೋರ್ಟು ಹತ್ತಬೇಕಾಗಿತ್ತು.

ಅಣ್ಣ ಎರಡು ವಾರ ಮಾತಾಡಲಿಲ್ಲ. ಮೂರನೆಯ ವಾರ ತಾನೇ ಬಂದು, "ಮೂರೂ ಮಂದಿ ಹೆಸರು ಹಾಕ್ಸೀನಿ, ಓದ್ಕೋ" ಎಂದು ಹೊಸ ಕರಡು ಕೊಟ್ಟ. ನೋಂದಣಿಯ ದಿನ ಮೂವರ ಫೋಟೋ, ಮೂವರ ಹೆಬ್ಬೆಟ್ಟು. ಅಕ್ಕ ತನ್ನ ಪಾಲಿನ ಹಣವನ್ನು ಅಲ್ಲಿಯೇ ವೈನಿಯ ಕೈಗಿಟ್ಟಳು; ಅವ್ವನ ಸೇವೆ ಮಾಡಿದ್ದಕ್ಕೆ, ಎಂದಳು. ನಾನು ನನ್ನದನ್ನು ಇಟ್ಟುಕೊಂಡೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಕೊಡುವುದಾದರೂ ಮೊದಲು ನಮ್ಮದೆಂದು ಆಗಬೇಕಲ್ಲ.

ಬೀಗದ ಕೈ ಕೊಟ್ಟು ಬರುವಾಗ ಟೀಚರು ಕುಂಕುಮ ಹಚ್ಚಿ, ಕುಪ್ಪಸದ ಕಣ ಕೊಟ್ಟು, "ಇದು ನಿಮ್ಮ ತವರುಮನೀನ ಅನಕೋರಿ, ಬಂದು ಹೋಗ್ರಿ" ಎಂದಳು. ಹೊಸ ಪತ್ರದಲ್ಲಿ ಅವ್ವನ ಎರಡೂ ಹೆಸರುಗಳು ಇವೆ.