ಮಗ್ಗಿಯಿಂದ ಕಲಿಕಾ ಏಣಿಯವರೆಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯ ಮಗು ಮೊದಲು ತಿದ್ದುವ ಅಕ್ಷರ ‘ರ’. ರ, ಗ, ಸ, ದ, ಅ ಎಂಬ ಐದು ಅಕ್ಷರ ಬಂದರೆ ಸಾಕು, ಸರ, ಅರಸ, ಅಗಸ, ದಸರ, ಗರಗಸ ಎಂದು ಓದಿಬಿಡಬಹುದು. ವರ್ಣಮಾಲೆಯ ಕ್ರಮವನ್ನು ಹೀಗೆ ಮುರಿದ ನಲಿ-ಕಲಿ ಪದ್ಧತಿ, ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ಅನುಸರಿಸಿ, ಯುನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. 2009-10ರಲ್ಲಿ ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಇದು ಮಗು ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತದೆನ್ನುವ ರಚನಾವಾದದ ಫಲ ಎನ್ನುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಆ ಮಾತು ಅರ್ಧ ಸತ್ಯ. ಹೊಸ ಸಿದ್ಧಾಂತ ಹಳೆಯದನ್ನು ಸೋಲಿಸಿ ಮುಂದೆ ಹೋಯಿತೆಂದು ಪಠ್ಯಪುಸ್ತಕಗಳು ಹೇಳುವ ಕಥೆಗೂ ಈ ತರಗತಿಯೊಳಗೆ ನಡೆಯುವುದಕ್ಕೂ ತಾಳೆಯಾಗುವುದಿಲ್ಲ.

ಹಿಂದಿನ ಊರ ಶಾಲೆಯಾದ ಕೂಲಿಮಠದಲ್ಲಿ ಮರಳ ಮೇಲೆ ಬೆರಳಿಂದ ತಿದ್ದಬೇಕಿತ್ತು, ಮಗ್ಗಿ ಬಾಯಿಪಾಠವಾಗಬೇಕಿತ್ತು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ವೇದಪಾಠದಲ್ಲಂತೂ ಪದ, ಕ್ರಮ, ಜಟೆ, ಘನ ಎಂದು ಪದಗಳನ್ನು ಬಿಡಿಸಿ, ಜೋಡಿಸಿ, ಹಿಂದುಮುಂದಾಗಿ ಹೆಣೆದು ಹೇಳಿಸುವುದರಿಂದ ತಪ್ಪು ನುಸುಳಿದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಮರಳ ಬರಹವನ್ನು ಮದರಾಸಿನಲ್ಲಿ ಕಂಡ ಆಂಡ್ರ್ಯೂ ಬೆಲ್, ಹದಿನೆಂಟನೆಯ ಶತಮಾನದ ಕೊನೆಗೆ ಅದನ್ನೂ ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವ ಕ್ರಮವನ್ನೂ ಇಂಗ್ಲೆಂಡಿಗೆ ಒಯ್ದರು. ಮುಂದೆ ಮನೋವಿಜ್ಞಾನಿ ಥಾರ್ನ್‌ಡೈಕ್ ಕಲಿಕೆಗೆ ಅಭ್ಯಾಸ ಮತ್ತು ಪರಿಣಾಮದ ನಿಯಮಗಳನ್ನು ಹೇಳಿದರು. ಸ್ಕಿನ್ನರ್ 1954ರಲ್ಲಿ, ಪಾಠವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಪ್ರತಿ ಉತ್ತರಕ್ಕೂ ಕೂಡಲೇ ಸರಿ-ತಪ್ಪು ತಿಳಿಸಬೇಕೆಂದು ವಾದಿಸಿದರು. ಪಿಯಾಜೆಗೆ ಮಗು ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುವ ಜೀವ. ವೈಗೋಟ್‌ಸ್ಕಿಗೆ ಬಲ್ಲವರ ಆಸರೆಯಲ್ಲಿ ಬೆಳೆಯುವ ಜೀವ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಕೊನೆಯ ಇಬ್ಬರ ಕಡೆ ವಾಲಿತು.

ಈಗ ನಲಿ-ಕಲಿಯ ಏಣಿಯನ್ನೇ ನೋಡಿ. ಮೈಲಿಗಲ್ಲುಗಳು, ಒಂದೊಂದು ಮೆಟ್ಟಿಲಿಗೂ ಒಂದು ಕಾರ್ಡು, ಮುಗಿಸಿದ ಮೇಲೆಯೇ ಮುಂದಿನದು: ಇದರ ಮೂಳೆ ಸ್ಕಿನ್ನರರದು. ಮಕ್ಕಳು ಶಿಕ್ಷಕರ ನೆರವಿನಿಂದ ಸಹಪಾಠಿಗಳ ನೆರವಿಗೆ, ಅಲ್ಲಿಂದ ಸ್ವಕಲಿಕೆಗೆ ದಾಟುವ ‘ತಟ್ಟೆ’ ಎಂಬ ಗುಂಪುಗಳಲ್ಲಿ ವೈಗೋಟ್‌ಸ್ಕಿಯೂ ಇದ್ದಾರೆ, ಕೂಲಿಮಠದ ಹಿರಿಯ ಹುಡುಗನೂ ಇದ್ದಾನೆ. ಐದೇ ಅಕ್ಷರಗಳಿಂದ ಆರಂಭಿಸುವುದಕ್ಕೆ, ಕ್ಷಣಕಾಲದ ನೆನಪಿನ ಮೇಲೆ ಹೆಚ್ಚು ಹೊರೆ ಹೇರಬಾರದೆಂದು 1988ರಲ್ಲಿ ಸ್ವೆಲ್ಲರ್ ಮಂಡಿಸಿದ ವಾದ ಚೆನ್ನಾಗಿ ಒಪ್ಪುತ್ತದೆ.

‘ಹಾಗಾದರೆ ಬಾಯಿಪಾಠವೇ ವಾಪಸಾಗಲಿ’ ಎನ್ನುವವರಿದ್ದಾರೆ. ಅವರ ಪರ ಸಾಕ್ಷಿಯೂ ಇದೆ: ಮತ್ತೆ ಮತ್ತೆ ಓದಿದ್ದಕ್ಕಿಂತ ನೆನಪಿನಿಂದ ಹೊರತೆಗೆದದ್ದು ದಿನಗಳು ಕಳೆದ ಮೇಲೂ ಹೆಚ್ಚು ಉಳಿಯುತ್ತದೆಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಮಗ್ಗಿಯನ್ನು ಹೀಗಳೆದ ಶಿಕ್ಷಕರ ತರಬೇತಿಗಳು ಅವಸರಪಟ್ಟವು, ನಿಜ. ಆದರೆ ಏಳೆಂಟಲಿ ಐವತ್ತಾರು ಎಂದು ಒಪ್ಪಿಸುವ ಮಗುವಿಗೆ, ಎಂಟು ಸಾಲಿನಲ್ಲಿ ಏಳೇಳು ಕಬ್ಬಿನ ಬಿತ್ತನೆ ತುಂಡು ಇಟ್ಟರೆ ಎಷ್ಟೆಂದು ಹೊಳೆಯದಿದ್ದರೆ ಆ ಮಗ್ಗಿಗೆ ಕೆಲಸವಿಲ್ಲ. ಕೂಲಿಮಠದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನೂ ಮರೆಯುವಂತಿಲ್ಲ.

ಇನ್ನೊಂದು ಆಕ್ಷೇಪ ಪೋಷಕರದು: ಮಕ್ಕಳು ಬರೀ ಆಡುತ್ತವೆ, ಕಾರ್ಡು ತಿರುವುತ್ತವೆ, ಪುಸ್ತಕವೇ ಕಾಣುವುದಿಲ್ಲ. ಅನುಮಾನ ನ್ಯಾಯವಾದದ್ದೇ. ಒಬ್ಬರೇ ಶಿಕ್ಷಕರು ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ದಾಖಲೆಯನ್ನೂ ತುಂಬಬೇಕಾದ ಕಡೆ ಏಣಿ ಬರೀ ಗೋಡೆಯ ಚಿತ್ರವಾಗಿಬಿಡಬಹುದು. ಅದು ಸಿದ್ಧಾಂತದ ಸೋಲಲ್ಲ, ಶಿಕ್ಷಕರ ಕೊರತೆ. ಮುಂದಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಗೆ ಹೋಗುವ ತಂದೆತಾಯಂದಿರು ‘ನಮ್ಮ ಮಗು ಏಣಿಯ ಯಾವ ಮೆಟ್ಟಿಲಲ್ಲಿದೆ, ಅಲ್ಲಿಗೆ ಬಂದು ಎಷ್ಟು ದಿನವಾಯಿತು?’ ಎಂದು ಕೇಳಲಿ.